ಹೊಸ ಚಪ್ಪಡಿಯ ಮೇಲಿನ ಹಿಕ್ಕೆ

ಸತ್ತವರು ತಿರುಗಿ ಬರುತ್ತಾರೆ ಎನ್ನುವ ಮಾತು ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಡುವ ಪೈಕಿ ನಾನು. ವಿಜಯನಗರದ ನಮ್ಮ ಮನೆಯಲ್ಲಿ ನೆಂಟರೆಲ್ಲ ಸೇರಿದಾಗ ದೊಡ್ಡಮ್ಮ ಒಂದು ಕಥೆ ಹೇಳುತ್ತಿದ್ದರು. ತೀರಿಕೊಂಡ ಅವರ ಅತ್ತೆ ತಿಥಿಯ ಹಿಂದಿನ ದಿನ ಹಿತ್ತಲಿಗೆ ಬಂದು ಪಾತ್ರೆ ತೊಳೆದ ಸದ್ದನ್ನು ಅವರು ಕಿವಿಯಾರೆ ಕೇಳಿದ್ದರಂತೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುವಾಗ ನಾನು, "ಪಾತ್ರೆ ನಿಜವಾಗ್ಲೂ ತೊಳೆದಿಟ್ಟಿದ್ರಾ ದೊಡ್ಡಮ್ಮ, ಇಲ್ಲ ಬೆಳಿಗ್ಗೆ ಎದ್ದು ನೀವೇ ತೊಳ್ಕೊಂಡ್ರಾ?" ಎಂದು ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೆ. ನಂಬಿಕೆ ನನ್ನ ರಕ್ತದಲ್ಲೇ ಇರಲಿಲ್ಲ. ಈಗಲೂ ಇದೆಯೆಂದು ಹೇಳಲಾರೆ.

ಆದರೂ ಇದನ್ನು ಬರೆಯುತ್ತಿದ್ದೇನೆ. ಓದುವವರನ್ನು ಹೆದರಿಸಬೇಕು ಎಂಬ ಆಸೆ ನನಗಿಲ್ಲ, ನಾನೂ ಹೆದರಿದವಳಲ್ಲ. ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಅದು ಇಳಿದಿಲ್ಲ. ಕೆಂಗೇರಿ ಕಡೆಗೆ ಹೋಗುವ ಬಸ್ಸಿನ ಬೋರ್ಡ್ ಕಂಡರೂ ಮೈ ಉರಿಯುತ್ತದೆ. ಹೇಳಿಬಿಟ್ಟರೆ ಸ್ವಲ್ಪ ಹಗುರವಾದೀತೇನೋ ಎಂದು ಹೇಳುತ್ತಿದ್ದೇನೆ, ಅಷ್ಟೆ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಎಂಎಸ್ಸಿ ಮುಗಿಸಿ ನಗರದ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದ್ದೆ. ನಮ್ಮ ಮೇಲಿನವರು ಪ್ರಸನ್ನ ಸಾರ್. ಅವರು ಅಮೆರಿಕದಲ್ಲಿ ಓದಿದವರು. ಅಲ್ಲಿನ ಮರುಭೂಮಿಯಲ್ಲಿ ಬೆಟ್ಟದ ಸಿಂಹ ಎಂದು ಕರೆಯುವ ಒಂದು ದೊಡ್ಡ ಬೆಕ್ಕು ಇದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ಪ್ರಾಣಿಯನ್ನು ಎಣಿಸುವುದು ಹೇಗೆ? ಅದು ಬಿಟ್ಟುಹೋದ ಹಿಕ್ಕೆಯಿಂದ. ಸಾರ್ ಮೂರು ನಾಲ್ಕು ಬೇಸಿಗೆ ಆ ಮರಳಿನಲ್ಲಿ ಹಿಕ್ಕೆ ಆಯುತ್ತಾ ಅಲೆದು ಡಾಕ್ಟರೇಟ್ ಪಡೆದಿದ್ದರು. ಅದೇ ವಿದ್ಯೆಯನ್ನು ಇಲ್ಲಿನ ಚಿರತೆಗಳ ಮೇಲೆ ಪ್ರಯೋಗಿಸಬೇಕು ಎನ್ನುವುದು ಅವರ ಆಸೆಯಾಗಿತ್ತು. ಬೆಂಗಳೂರಿನ ಪಶ್ಚಿಮಕ್ಕೆ ಕೆಂಗೇರಿ ದಾಟಿದರೆ ಆಗ ಬಂಡೆಗುಡ್ಡ, ಜಾಲಿ, ಲಂಟಾನದ ಕುರುಚಲು ಕಾಡು ಸಾಕಷ್ಟು ಉಳಿದಿತ್ತು. ಬೇಸಿಗೆಯಲ್ಲಿ ಅದೂ ಮರುಭೂಮಿಗೆ ಹತ್ತಿರದ ನೆಂಟನೇ.

ಈ ಕೆಲಸದ ಒಂದು ಗುಟ್ಟನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಿಕ್ಕೆ ಹೊರಬರುವಾಗ ಪ್ರಾಣಿಯ ಕರುಳನ್ನು ಸವರಿಕೊಂಡು ಬರುತ್ತದೆ. ಹಾಗಾಗಿ ಹಿಕ್ಕೆಯ ಹೊರಮೈಯಲ್ಲಿ ಆ ಪ್ರಾಣಿಯದೇ ಜೀವಕೋಶಗಳು ಅಂಟಿರುತ್ತವೆ. ಹಲ್ಲುಕಡ್ಡಿಯಿಂದ ಮೇಲ್ಪದರವನ್ನು ಕೆರೆದು, ಸ್ಪಿರಿಟ್ ತುಂಬಿದ ಪುಟ್ಟ ಟ್ಯೂಬಿಗೆ ಹಾಕಿ ತಂದರೆ, ಅದರ ಡಿಎನ್‌ಎ ತೆಗೆದು ಇದು ಇಂಥದೇ ಚಿರತೆ ಎಂದು ಹೇಳಬಹುದು, ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸಿದ ಹಾಗೆ. ಇನ್ನು ಹಿಕ್ಕೆಯ ಒಳಗಿರುವುದು ಊಟ. ಕೂದಲು, ಮೂಳೆಚೂರು, ಉಗುರು. ಅದನ್ನು ತೊಳೆದು ನೋಡಿದರೆ ಏನು ತಿಂದಿತ್ತು ಎಂದು ತಿಳಿಯುತ್ತದೆ. ಹೊರಗೆ ತಿಂದವರ ಹೆಸರು, ಒಳಗೆ ತಿಂದದ್ದರ ಹೆಸರು. ಈ ಲೋಕದಲ್ಲಿ ಇಷ್ಟು ಪ್ರಾಮಾಣಿಕವಾದ ವಸ್ತುವನ್ನು ನಾನು ಬೇರೆ ಕಂಡಿಲ್ಲ.

ನಮ್ಮಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ. "ಏನೇ ಇದು, ಎಂಎಸ್ಸಿ ಮಾಡಿ ಚಿರತೆ ಹೇಲು ಬಾಚೋ ಕೆಲ್ಸಾನಾ? ಹುಡುಗನ ಕಡೆಯವರು ಕೇಳಿದ್ರೆ ಏನಂತ ಹೇಳ್ಲಿ ನಾನು?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಒಂದು ಸಲ ಪ್ರಯೋಗಾಲಯ ಮುಚ್ಚಿತ್ತೆಂದು ಟ್ಯೂಬುಗಳ ಡಬ್ಬಿಯನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಅಮ್ಮ ಹಾಲು, ಮೊಸರು, ಹುಣಸೆ ತೊಕ್ಕಿನ ಸಮೇತ ಇಡೀ ಫ್ರಿಜ್ಜನ್ನು ಖಾಲಿ ಮಾಡಿ ಅರಿಶಿನದ ನೀರು ಹಾಕಿ ಒರೆಸಿದಳು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ನನ್ನ ಪಾಲಿಗೆ ಬಂದದ್ದು ಕೆಂಗೇರಿಯಾಚೆಯ ಒಂದು ಗುಡ್ಡ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟು, ನಾಯಂಡಹಳ್ಳಿಯ ಲಾರಿಗಳ ಹೊಗೆ ಕುಡಿದು, ಮೈಸೂರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಬಿಸಿಲೇರುವ ಮೊದಲು ಗುಡ್ಡದ ಬುಡ ಸೇರುತ್ತಿದ್ದೆ. ಅಲ್ಲಿ ಮೂರು ಚಿರತೆಗಳಿದ್ದವು. ಮೊದಲಿನ ಎರಡು ಬಂದು ಹೋಗುವ ಗಂಡುಗಳು. ಮೂರನೆಯದು ಅಲ್ಲೇ ನೆಲೆಸಿದ್ದ ಹೆಣ್ಣು. ನಮ್ಮ ದಾಖಲೆಯಲ್ಲಿ ಅದರ ಹೆಸರು 'ಕೆ ಮೂರು'. ಒಂದೂವರೆ ವರ್ಷ ನಾನು ಅದರ ಊಟದ ಎಲೆಯನ್ನು ನೋಡುತ್ತಾ ಬಂದವಳು. ಅದು ತಿನ್ನುತ್ತಿದ್ದುದು ಹೆಚ್ಚಾಗಿ ಬೀದಿನಾಯಿಗಳನ್ನು. ಮೈಸೂರು ರಸ್ತೆಯ ಕೋಳಿ ಅಂಗಡಿಗಳ ಕಸ ತಿಂದು ಕೊಬ್ಬಿದ ನಾಯಿಗಳು ಹಿಂಡು ಹಿಂಡಾಗಿ ಅಲ್ಲಿದ್ದವು. ಜೊತೆಗೆ ಮೊಲ, ಹೆಗ್ಗಣ, ಒಮ್ಮೊಮ್ಮೆ ನವಿಲು. ದನದ ಒಂದೇ ಒಂದು ಕೂದಲು ಅದರ ಹಿಕ್ಕೆಯಲ್ಲಿ ನನಗೆ ಸಿಕ್ಕಿರಲಿಲ್ಲ. ಇಷ್ಟಾಗಿ ನಾನು ಅದನ್ನು ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ.

ಗುಡ್ಡದ ಬುಡದಲ್ಲಿ ಆಗ ಒಂದು ಲೇಔಟ್ ಎದ್ದಿತ್ತು. ಸೈಟುಗಳಿಗೆ ಕಲ್ಲು ನೆಟ್ಟು, ರಸ್ತೆಗೆ ಜಲ್ಲಿ ಹಾಸಿ, ಕಮಾನು ಕಟ್ಟಿ ಬಣ್ಣ ಬಳಿದಿದ್ದರು. ಮನೆ ಕಟ್ಟಿದವರು ಬೆರಳೆಣಿಕೆಯಷ್ಟು ಮಂದಿ. ಆದರೆ ಸಂಘ ಮಾತ್ರ ಆಗಲೇ ಹುಟ್ಟಿ, ಅದಕ್ಕೊಬ್ಬ ಅಧ್ಯಕ್ಷರೂ ಇದ್ದರು. ನಿವೃತ್ತ ಅಧಿಕಾರಿ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಮೊಬೈಲು. ಕಟ್ಟಿಸುತ್ತಿದ್ದ ಸ್ವಂತ ಮನೆಯ ಜೊತೆಗೆ ಮಾರಾಟಕ್ಕೆಂದು ಹಿಡಿದಿಟ್ಟುಕೊಂಡ ಸೈಟುಗಳೂ ಅವರಿಗಿದ್ದವು ಎಂದು ಎಲ್ಲರಿಗೂ ಗೊತ್ತಿತ್ತು. ಲೇಔಟ್‌ನ ಅಂಚಿನಲ್ಲಿ ಹಳೇ ಊರಿನ ಮುನಿಯಪ್ಪನ ಮನೆ. ಅವನಿಗಿದ್ದ ಜಮೀನು ಆ ಲೇಔಟ್‌ನ ಹೊಟ್ಟೆಗೇ ಹೋಗಿತ್ತು. ಉಳಿದದ್ದು ಒಂದು ಹಳ್ಳಿಕಾರ್ ಹಸು. ಅದನ್ನು ಖಾಲಿ ಸೈಟುಗಳಲ್ಲಿ ಮೇಯಿಸಿಕೊಂಡು, ಹೊಸ ಮನೆಗಳ ಗೃಹಪ್ರವೇಶಕ್ಕೆ ಕರುವಿನ ಸಮೇತ ಹೊಡೆದುಕೊಂಡು ಹೋಗುತ್ತಿದ್ದ. ಹಸು ಮೊದಲು ಒಳಗೆ ಕಾಲಿಡದೆ ನಮ್ಮವರು ಹೊಸ ಮನೆಗೆ ಹೋಗುವುದಿಲ್ಲವಲ್ಲ. ಫ್ಲಾಟುಗಳ ಕಾಲದಲ್ಲಿ ನಾಟಿ ಹಸು ಎಲ್ಲಿಂದ ತರಬೇಕು? ರಾಜರಾಜೇಶ್ವರಿನಗರದಿಂದ ಹಿಡಿದು ಕೆಂಗೇರಿಯವರೆಗೆ ಮುನಿಯಪ್ಪನಿಗೆ ಕರೆ ಬರುತ್ತಿತ್ತು.

ಒಂದು ದಿನ ಮುನಿಯಪ್ಪನ ಕರು ಸತ್ತುಬಿತ್ತು. ನಾನು ಅಂದು ಗುಡ್ಡಕ್ಕೆ ಬಂದಿದ್ದವಳು ಹೋಗಿ ನೋಡಿದೆ. ನಾಯಿಗಳು ಹೊಟ್ಟೆಯ ಭಾಗವನ್ನು ಎಳೆದಾಡಿದ್ದವು. ಒಳಗಿನಿಂದ ಪ್ಲಾಸ್ಟಿಕ್ ಚೀಲಗಳು ಮುದ್ದೆಮುದ್ದೆಯಾಗಿ ಹೊರಬಂದಿದ್ದವು. ಕುತ್ತಿಗೆಯ ಮೇಲೆ ಹಲ್ಲಿನ ಗುರುತೇ ಇರಲಿಲ್ಲ. ಚಿರತೆ ಹಿಡಿಯುವುದೇ ಕುತ್ತಿಗೆಯನ್ನು. ಕರು ಸತ್ತದ್ದು ಲೇಔಟ್‌ನ ಕಸ ತಿಂದು, ಇದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಅಧ್ಯಕ್ಷರು ಮಾತ್ರ ಮುನಿಯಪ್ಪನನ್ನು ಕರೆಸಿ ಚಿರತೆ ತಿಂದಿತೆಂದು ಅರಣ್ಯ ಇಲಾಖೆಗೆ ದೂರು ಕೊಡಿಸಿದರು. ಖಾಲಿ ಸೈಟುಗಳಲ್ಲಿ ಹಸು ಮೇಯಿಸಲು ಬಿಟ್ಟದ್ದು ಅವರು. ಬೇಡ ಎಂದರೆ ಹಸು ಎಲ್ಲಿಗೆ ಹೋಗಬೇಕು? ಮುನಿಯಪ್ಪ ಹೇಳಿಕೊಟ್ಟಂತೆ ಹೇಳಿ ಹೆಬ್ಬೆಟ್ಟು ಒತ್ತಿದ.

ನಾನು ಸುಮ್ಮನಿರಲಿಲ್ಲ. ಒಂದೂವರೆ ವರ್ಷದ ಕೆಲಸವನ್ನು ಚಿಕ್ಕದಾಗಿ ಬರೆದುಕೊಂಡು ಅಧ್ಯಕ್ಷರ ಮುಂದೆ ಕುಳಿತೆ. ಈ ಚಿರತೆ ದನ ತಿಂದ ಗುರುತಿಲ್ಲ, ನಿಮ್ಮ ನಾಯಿಗಳ ಕಾಟವನ್ನು ತಡೆದಿರುವುದೇ ಇದು, ಇದನ್ನು ಹಿಡಿದು ಸಾಗಿಸಿದರೆ ಆ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ ಎಂದೆಲ್ಲ ತಿಳಿಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಕಾಫಿ ತರಿಸಿಕೊಟ್ಟು ಹೇಳಿದರು: "ನಿಮ್ಮ ರಿಪೋರ್ಟ್ ಎಲ್ಲಾ ಸರಿ ಮೇಡಂ. ಆದ್ರೆ ಸೈಟ್ ನೋಡೋಕೆ ಬಂದೋರು ಚಿರತೆ ಅಂದ ತಕ್ಷಣ ಹಂಗೇ ಕಾರ್ ತಿರುಗಿಸ್ಕೊಂಡು ಹೋಗ್ತಾರೆ. ಅದು ನಾಯಿ ತಿನ್ನುತ್ತೆ, ದನ ತಿನ್ನಲ್ಲ ಅಂತ ಅವ್ರಿಗೆ ವಿವರಿಸ್ತಾ ಕೂರೋಕಾಗುತ್ತಾ?" ಒಬ್ಬ ಮನುಷ್ಯ ಸತ್ಯವನ್ನು ಒಪ್ಪಿಕೊಂಡೇ ಪಕ್ಕಕ್ಕೆ ಸರಿಸಿದರೆ ಅವನ ಜೊತೆ ವಾದಿಸುವುದು ಹೇಗೆಂದು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಬೋನು ಬಂತು. ಒಳಗೊಂದು ಬೀದಿನಾಯಿಯನ್ನು ಕಟ್ಟಿದರು. ಮೂರನೆಯ ದಿನಕ್ಕೆ ಚಿರತೆ ಬಿತ್ತು ಎಂದು ಫೋನು ಬಂದಾಗ ನಾನು ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದೆ. ಕೈಚೀಲದ ಸಮೇತ ಸ್ಕೂಟರ್ ಏರಿ ಹೋದೆ. ಜಾತ್ರೆಗೆ ಸೇರಿದಷ್ಟು ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಮೊಬೈಲು ಎತ್ತಿ ಹಿಡಿದವರು, ಕಡ್ಡಿಯಿಂದ ತಿವಿಯುವವರು. ಕಲ್ಲು ಬೀಳುತ್ತಿತ್ತು. ಚಿರತೆ ಬೋನಿನ ಸರಳುಗಳಿಗೆ ಹಣೆ ಚಚ್ಚಿಕೊಂಡು ಮುಖವೆಲ್ಲ ರಕ್ತ ಮಾಡಿಕೊಂಡಿತ್ತು. ಬಿಸಿಲು ಬೆಂಕಿಯ ಹಾಗಿತ್ತು. ಒಂದು ಟಾರ್ಪಾಲಿನ್ ಹೊದಿಸಿ, ಕತ್ತಲಾದರೆ ಅದು ಸುಮ್ಮನಾಗುತ್ತದೆ ಎಂದು ನಾನು ಕಂಡಕಂಡವರ ಕಾಲು ಹಿಡಿದೆ. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ತಡೀರಿ ಮೇಡಂ, ಟೀವಿಯವ್ರು ಕುಂಬಳಗೋಡು ದಾಟಿದಾರಂತೆ, ಈಗ ಬಂದ್ಬಿಡ್ತಾರೆ" ಎಂದರು. ಟೀವಿಯವರು ಬರುವಷ್ಟರಲ್ಲಿ ಅದು ಸತ್ತಿತ್ತು. ಅವರು ಸತ್ತ ಚಿರತೆಯನ್ನೇ ತೋರಿಸಿದರು. ಸಂಜೆಯ ಸುದ್ದಿಯಲ್ಲಿ ಅದರ ಹೆಸರು 'ದನಗಳ್ಳ ಚಿರತೆ' ಎಂದಾಗಿತ್ತು.

ಕೆ ಮೂರನ್ನು ನಾನು ಮೊದಲು ನೋಡಿದ್ದು ಹೀಗೆ. ಶವಪರೀಕ್ಷೆಯ ಹೊತ್ತಿಗೆ ಅನುಮತಿ ಕೇಳಿ ಅದರ ಎಡಗಿವಿಯ ತುದಿಯ ಒಂದು ಚೂರನ್ನು ನಾನೇ ಕತ್ತರಿಸಿ ಟ್ಯೂಬಿಗೆ ಹಾಕಿಕೊಂಡೆ. ಆಮೇಲೆ ಸೌದೆ ಪೇರಿಸಿ ಸುಟ್ಟರು. ಕೊನೆಯವರೆಗೂ ನಿಂತಿದ್ದೆ. ಮೀಸೆ, ಉಗುರು ಕೂಡ ಉಳಿಯದಂತೆ ಸುಡುವುದು ಕ್ರಮ, ಇಲ್ಲದಿದ್ದರೆ ಯಾರಾದರೂ ಕದಿಯುತ್ತಾರೆ. ಕಿವಿಯ ಚೂರಿನ ಫಲಿತಾಂಶ ಬಂದಾಗ ಅನುಮಾನವೇ ಉಳಿಯಲಿಲ್ಲ. ಸತ್ತದ್ದು ಕೆ ಮೂರೇ. ಅದರ ಹೊಟ್ಟೆಯಲ್ಲಿ ಇದ್ದದ್ದು ಒಂದಿಷ್ಟು ಹೆಗ್ಗಣದ ಕೂದಲು.

ಇಲ್ಲಿಯವರೆಗೆ ನಡೆದದ್ದರಲ್ಲಿ ವಿಚಿತ್ರ ಏನೂ ಇಲ್ಲ. ಇಂಥದು ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ.

ಮಳೆಗಾಲ ಕಳೆದು, ದೀಪಾವಳಿಯೂ ಮುಗಿಯಿತು. ಲೇಔಟ್‌ನಲ್ಲಿ ಮನೆಗಳು ಮೇಲೇಳತೊಡಗಿದವು. ಗಂಡು ಚಿರತೆಗಳ ಲೆಕ್ಕಕ್ಕಾಗಿ ನಾನು ಇನ್ನೂ ಗುಡ್ಡಕ್ಕೆ ಹೋಗುತ್ತಿದ್ದೆ. ಆದರೆ ಅವುಗಳ ಸುಳಿವೂ ಸಿಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಸ್ಕೂಟರ್ ನಿಲ್ಲಿಸುವಾಗ ಮುನಿಯಪ್ಪ ಹಗ್ಗ ಹಿಡಿದುಕೊಂಡು ಲಂಟಾನದ ಪೊದೆಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದ. ಏನಪ್ಪಾ ಎಂದರೆ, ನಾಲ್ಕು ದಿನದ ಹಿಂದೆ ಅಧ್ಯಕ್ಷರ ಮನೆಯ ಗೃಹಪ್ರವೇಶವಾಗಿತ್ತಂತೆ. ಮುಹೂರ್ತ ಸೂರ್ಯ ಹುಟ್ಟುವ ಮೊದಲೇ ಇದ್ದುದರಿಂದ ಹಸು ಕರುವನ್ನು ಹಿಂದಿನ ಸಂಜೆಯೇ ಕರೆಸಿ ಗೇಟಿನ ಪಕ್ಕ ಕಟ್ಟಿಸಿ, ತಾವು ಅಂಗಳದ ಶಾಮಿಯಾನದಲ್ಲಿ ಮಲಗಿದ್ದರಂತೆ. ಎದ್ದು ನೋಡಿದರೆ ಕರು ಇಲ್ಲ. ಹಗ್ಗ ಕಿತ್ತಿತ್ತು. ಹೊಸದಾಗಿ ಹುಟ್ಟಿದ ಕರು, ಇನ್ನೂ ಹುಲ್ಲು ಮೂಸಿರಲಿಲ್ಲ. ಹಸು ಅರಚಿಕೊಳ್ಳುತ್ತಲೇ ಇದ್ದರೂ ಮುಹೂರ್ತ ಮೀರುತ್ತದೆಂದು ಅದೊಂದನ್ನೇ ಒಳಗೆ ನಡೆಸಿ ಪೂಜೆ ಮುಗಿಸಿದರಂತೆ.

ನಾವು ಮಾತಾಡುವುದನ್ನು ಕಂಡು ಅಧ್ಯಕ್ಷರು ಹೊಸ ಮನೆಯ ಗೇಟಿಗೆ ಬಂದರು. "ಕಳ್ಳರು ಮೇಡಂ, ಟೆಂಪೋದಲ್ಲಿ ಬಂದು ಎತ್ಕೊಂಡು ಹೋಗಿದಾರೆ. ಇವನು ಚಿರತೆ ಚಿರತೆ ಅಂತ ಊರೆಲ್ಲ ಹೇಳ್ಕೊಂಡು ಬರ್ತಿದಾನೆ. ಎಲ್ಲಿದೆ ಚಿರತೆ? ನಾವೇ ಹಿಡಿಸಿದ್ದಲ್ವಾ? ನೀವೇ ಸ್ವಲ್ಪ ಬುದ್ಧಿ ಹೇಳಿ," ಎಂದರು. ನೋಡಿ ಹೇಗಿದೆ! ಚಿರತೆ ತಿನ್ನದಿದ್ದಾಗ ತಿಂದಿತು ಎಂದು ಹೇಳಬೇಕಿತ್ತು, ಈಗ ಚಿರತೆ ಎನ್ನುವ ಪದವನ್ನೇ ಎತ್ತಬಾರದು. ಎರಡು ಸಲವೂ ಕರು ಕಳೆದುಕೊಂಡವನು ಮುನಿಯಪ್ಪ, ಎರಡು ಸಲವೂ ಏನಾಯಿತೆಂದು ತೀರ್ಮಾನಿಸಿದವರು ಇವರು. ನಾನು ಗುಡ್ಡದ ಕಡೆ ನಡೆದುಬಿಟ್ಟೆ.

ಗೃಹಪ್ರವೇಶಕ್ಕೆಂದು ಅವರು ಮನೆಯಿಂದ ಗುಡ್ಡದ ಬದಿಯ ರಸ್ತೆಗೆ ಹೊಸ ಚರಂಡಿ ಕಟ್ಟಿಸಿ, ಅದರ ಮೇಲೆ ಸಿಮೆಂಟಿನ ಚಪ್ಪಡಿಗಳನ್ನು ಹಾಸಿದ್ದರು. ಸಿಮೆಂಟಿನ ಹಸಿ ಬಣ್ಣ ಕೂಡ ಇನ್ನೂ ಪೂರ್ತಿ ಬಿಳಿಚಿರಲಿಲ್ಲ. ಆ ಚಪ್ಪಡಿಗಳ ಮೇಲೆ ನಡೆಯುವಾಗ ಗರಗಸದಿಂದ ಮರ ಕೊಯ್ಯುವ ಸದ್ದು ಕೇಳಿತು. ಪಕ್ಕದಲ್ಲಿ ಅರ್ಧ ಕಟ್ಟಿದ ಒಂದು ಮನೆ ಇತ್ತು. ಬಡಗಿ ಬೇಗ ಕೆಲಸ ಶುರು ಮಾಡಿದ್ದಾನೆ ಎಂದುಕೊಂಡೆ. ಕೊಯ್ಯುವುದು, ನಿಲ್ಲುವುದು, ಮತ್ತೆ ಕೊಯ್ಯುವುದು. ನೀರು ಕೇಳೋಣ ಎಂದು ಒಳಗೆ ಹೋದೆ. ಒಳಗೆ ಯಾರೂ ಇರಲಿಲ್ಲ. ಬಾಗಿಲ ಚೌಕಟ್ಟುಗಳೂ ಇನ್ನೂ ಬಂದಿರದ ಮನೆ, ಕೊಯ್ಯಲು ಅಲ್ಲಿ ಒಂದು ತುಂಡು ಮರವೂ ಇರಲಿಲ್ಲ. ಸದ್ದು ನಿಂತಿತ್ತು. ಅಲ್ಲೆಲ್ಲ ಅನ್ನ ಬೆಂದು ಇಳಿಸಿದಾಗ ಬರುವಂಥ ಘಮ ಹರಡಿತ್ತು.

ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ: ಚಿರತೆ ಕೂಗುವುದು ಗರಗಸದ ಹಾಗೆ, ಅದು ಗಡಿ ಗುರುತಿಗೆ ಚಿಮ್ಮಿಸುವ ಮೂತ್ರಕ್ಕೆ ಬೆಂದ ಅನ್ನದ ವಾಸನೆ. ನನ್ನ ಕೂದಲು ನೆಟ್ಟಗಾಯಿತು ಎಂದರೆ ಕಥೆಗೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ನಾನು ಹೇಳಿದ್ದೇ ಆಯಿತಲ್ಲ! ಒಂದನ್ನು ಕೊಂದರು, ಜಾಗಕ್ಕೆ ಇನ್ನೊಂದು ಬಂತು. ಹೊರಗೆ ಬಂದು ನೋಡಿದರೆ ಅಧ್ಯಕ್ಷರ ಮನೆಗೆ ನೇರ ಎದುರಿನ ಚಪ್ಪಡಿಯ ನಟ್ಟನಡುವೆ ಹಿಕ್ಕೆ ಬಿದ್ದಿತ್ತು. ತೇವ ಆರಿರಲಿಲ್ಲ. ಬರುವಾಗ ನಾನು ಅದೇ ಚಪ್ಪಡಿಯ ಮೇಲೆ ಕಾಲಿಟ್ಟು ಬಂದಿದ್ದೆ, ಆಗ ಅಲ್ಲಿ ಏನೂ ಇದ್ದ ನೆನಪಿಲ್ಲ. ಈ ಮಾತನ್ನು ಮಾತ್ರ ಆಣೆ ಮಾಡಿ ಹೇಳಲಾರೆ, ಸಿಟ್ಟಿನಲ್ಲಿ ನಡೆಯುವವರಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ಕೆರೆದು ಟ್ಯೂಬಿಗೆ ಹಾಕಿಕೊಂಡು, ಉಳಿದದ್ದನ್ನು ಕವರಿಗೆ ತುಂಬಿ, ಹಾಡು ಗುನುಗುತ್ತಾ ವಾಪಸಾದೆ. ಹೊಸ ಚಿರತೆಗೆ 'ಕೆ ನಾಲ್ಕು' ಎಂದು ಹೆಸರನ್ನೂ ಇಟ್ಟಾಗಿತ್ತು.

ವಾರದ ಮೇಲೆ ಫಲಿತಾಂಶ ಬಂತು. ಕೆ ಮೂರು.

ನಾನು ನಂಬಲಿಲ್ಲ. ನಂಬದೇ ಇರುವುದೇ ನನ್ನ ಕೆಲಸ. ಇನ್ನೊಮ್ಮೆ ಮಾಡಿದೆ. ನಾವು ಪ್ರತಿ ಸಲವೂ ಏನನ್ನೂ ಹಾಕದ ಒಂದು ಖಾಲಿ ಟ್ಯೂಬನ್ನೂ ಜೊತೆಗೇ ಪರೀಕ್ಷೆಗೆ ಇಡುತ್ತೇವೆ. ಅದರಲ್ಲಿ ಏನಾದರೂ ಕಂಡರೆ ನಮ್ಮ ಕೈ ಕೊಳೆ, ಹಳೆಯದು ಬೆರೆತಿದೆ ಎಂದು ಅರ್ಥ. ಖಾಲಿ ಟ್ಯೂಬು ಖಾಲಿಯಾಗಿಯೇ ಇತ್ತು. ಹಿಕ್ಕೆಯದು ಮತ್ತೆ ಕೆ ಮೂರು. ಕಿವಿಯ ಚೂರನ್ನು ಹೊರತೆಗೆದು ಅದನ್ನೂ ಮತ್ತೆ ಪರೀಕ್ಷಿಸಿದೆ. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದಕ್ಕೊಂದು ಹೊಂದಿದವು. ಬೇರೆ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಗೆಳತಿಗೆ, ಯಾವುದು ಏನೆಂದು ತಿಳಿಸದೆ, ಎರಡನ್ನೂ ಬೇರೆ ಹಿಕ್ಕೆಗಳ ಜೊತೆ ಬೆರೆಸಿ ಕಳಿಸಿದೆ. ಅವಳು ಫೋನ್ ಮಾಡಿ, "ಇದ್ರಲ್ಲಿ ಒಂದು ಹಿಕ್ಕೆ, ಆ ಚರ್ಮದ ಚೂರು ಎರಡೂ ಒಂದೇ ಪ್ರಾಣೀದು ಕಣೇ, ಇದರಲ್ಲೇನಿದೆ ಅಂತ ನನ್ನ ಹತ್ರ ಕಳಿಸ್ದೆ?" ಎಂದಳು.

ಪ್ರಸನ್ನ ಸಾರ್ ಹಾಳೆಗಳನ್ನು ನೋಡಿ ಕನ್ನಡಕ ತೆಗೆದಿಟ್ಟರು. "ಹಳೇ ಹಿಕ್ಕೆ ಇರಬೇಕಮ್ಮ. ಮರುಭೂಮೀಲಿ ನಾವು ವರ್ಷದ ಹಿಂದಿನದನ್ನೆಲ್ಲ ಆರಿಸಿದೀವಿ, ನೋಡೋಕೆ ನಿನ್ನೆದೇ ಅನ್ನೋ ಹಾಗಿರುತ್ತೆ," ಎಂದರು. ಸಾರ್, ಇದು ಮರುಭೂಮಿಯಲ್ಲ, ನಡುವೆ ಒಂದಿಡೀ ಮಳೆಗಾಲ ಹೋಗಿದೆ, ಹಿಕ್ಕೆ ಇದ್ದದ್ದು ಮೊನ್ನೆ ಹಾಕಿದ ಸಿಮೆಂಟಿನ ಮೇಲೆ, ಚಿರತೆಯನ್ನು ಸುಟ್ಟಾಗ ಆ ಚರಂಡಿಯೇ ಇರಲಿಲ್ಲ ಎಂದೆ. ಹಾಗಾದರೆ ಅವಳಿ ಇರಬಹುದು ಎಂದರು. ಚಿರತೆಗಳಲ್ಲಿ ಒಂದೇ ಅಚ್ಚಿನ ಅವಳಿಯನ್ನು ಯಾರಾದರೂ ಕಂಡಿದ್ದಾರಾ ಎಂದು ಕೇಳಿದೆ. ಇದ್ದರೂ ಒಂದೂವರೆ ವರ್ಷ ಎರಡು ಹೆಣ್ಣುಗಳು ಒಂದೇ ಗುಡ್ಡವನ್ನು ಹಂಚಿಕೊಂಡು ತಿರುಗುತ್ತವಾ? ಯಾರೋ ತಮಾಷೆಗೆ ನಮ್ಮ ಫ್ರೀಜರಿನದನ್ನು ತೆಗೆದು ಅಲ್ಲಿಟ್ಟಿರಬಹುದು ಎಂದರು. ಕೊನೆಗೆ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ನೀನು ಆ ಪ್ರಾಣೀನ ತುಂಬಾ ಹಚ್ಕೊಂಡಿದ್ದೆ ಅಲ್ವಾ?" ಎಂದರು. ಅವತ್ತು ನನಗೆ ಬಂದ ಸಿಟ್ಟನ್ನು ಬರೆಯಲು ಬಾರದು. ತಾವು ಕಲಿಸಿದ ವಿಧಾನ, ತಾವು ಕೊಂಡ ಯಂತ್ರ, ತಮ್ಮ ಒಪ್ಪಿಗೆಯ ಪ್ರತಿ ಹೆಜ್ಜೆ. ಅದು ಒಪ್ಪುವ ಉತ್ತರ ಕೊಟ್ಟಷ್ಟು ದಿನ ವಿಜ್ಞಾನ. ಒಪ್ಪದ ಉತ್ತರ ಕೊಟ್ಟ ದಿನ ಹುಡುಗಿಯ ಮನಸ್ಸಿನ ದೌರ್ಬಲ್ಯ.

ಫ್ರೀಜರಿನ ತಮಾಷೆ ಎನ್ನುವ ವಾದ ನಿಲ್ಲುವಂತಿರಲಿಲ್ಲ. ಏಕೆಂದರೆ ಅಷ್ಟರಲ್ಲಿ ನಾನು ಹಿಕ್ಕೆಯ ಒಳಭಾಗವನ್ನು ತೊಳೆದಿದ್ದೆ. ಜರಡಿಯಲ್ಲಿ ಉಳಿದದ್ದು ನಾಯಿಯ ಕೂದಲಾಗಿರಲಿಲ್ಲ. ಮೊಲದ್ದೂ ಅಲ್ಲ. ಬೆಳ್ಳಗೆ, ನವಿರಾಗಿ, ಮೆತ್ತಗಿದ್ದ ಕೂದಲು. ಇನ್ನೂ ಗಟ್ಟಿಯಾಗಿರದ ಒಂದು ಪುಟ್ಟ ಗೊರಸಿನ ಚೂರು. ಬದುಕಿದ್ದಷ್ಟು ದಿನ ಕೆ ಮೂರರ ಹಿಕ್ಕೆಯಲ್ಲಿ ನಾನು ಕಾಣದಿದ್ದದ್ದು. ಮುನಿಯಪ್ಪನ ಮನೆಗೆ ಹೋಗಿ ಹಸುವಿನ ಬಾಲದ ನಾಲ್ಕು ಕೂದಲನ್ನು ಬುಡಸಮೇತ ಕೇಳಿ ತಂದೆ. ಯಾಕೆ ಎಂದು ಅವನು ಕೇಳಲಿಲ್ಲ. ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿದು ಬರುವ ಒಂದು ಬಗೆಯ ಡಿಎನ್‌ಎ ಇದೆ. ಹಿಕ್ಕೆಯ ಗೊರಸಿನ ಚೂರಿನದು ಹಸುವಿನದಕ್ಕೆ ಹೊಂದಿತು. ಎಷ್ಟೋ ಹಸುಗಳಿಗೆ ಅದು ಒಂದೇ ಥರ ಇರಬಹುದು, ಹಾಗಾಗಿ ಪೂರ್ತಿ ಸಾಕ್ಷಿಯೆಂದು ಹೇಳುವಂತಿಲ್ಲ. ಆದರೆ ಆ ವಾರ ಆ ಸುತ್ತಿನಲ್ಲಿ ಕಾಣೆಯಾಗಿದ್ದ ಕರು ಅದೊಂದೇ.

ಸಾರ್ ಬಾಗಿಲು ಹಾಕಿಕೊಂಡು ಮಾತಾಡಿದರು. "ಇದನ್ನ ಸೇರಿಸಿದ್ರೆ ಇಡೀ ವರದಿ ಬಿದ್ದುಹೋಗುತ್ತಮ್ಮ. ಸತ್ತ ಚಿರತೆ ಕರು ತಿಂತು ಅಂತ ಬರೆದ್ರೆ, ಬದುಕಿದ್ದಾಗ ದನ ತಿಂದಿರಲಿಲ್ಲ ಅನ್ನೋದನ್ನ ಯಾರು ನಂಬ್ತಾರೆ? ಅದರ ಹೆಸರು ಉಳೀಬೇಕು ಅಂದ್ರೆ ಇದನ್ನ ಬಿಟ್ಬಿಡು." ಅವರ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನಲಾರೆ. ಆದರೂ ನಾನು ಒಪ್ಪಲಿಲ್ಲ. ಕಾಫಿ ಕುಡಿಸಿ, ಬೇಡವಾದದ್ದನ್ನು ಪಕ್ಕಕ್ಕೆ ಸರಿಸಿದ ಒಬ್ಬರನ್ನು ಆಗಲೇ ನೋಡಿದ್ದೆನಲ್ಲ. ವರದಿ ಆ ಹಿಕ್ಕೆಯಿಲ್ಲದೆ ಹೊರಬಂತು, ನನ್ನ ಹೆಸರೂ ಇಲ್ಲದೆ. ನಾನು ಕೆಲಸ ಬಿಟ್ಟೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಕೊನೆಯ ಸಲ ಆ ಕಡೆ ಹೋದದ್ದು ಮುನಿಯಪ್ಪನಿಗೆ ಹೇಳಲು. ಅವನನ್ನು ಸುಳ್ಳುಗಾರ ಎಂದು ಊರೆಲ್ಲ ನಗುತ್ತಿದ್ದರು. ಕರುವನ್ನು ತಾನೇ ಮಾರಿಕೊಂಡಿದ್ದಾನೆ ಎಂಬ ಮಾತನ್ನೂ ಅಧ್ಯಕ್ಷರು ತೇಲಿಬಿಟ್ಟಿದ್ದರು. ಗೃಹಪ್ರವೇಶಕ್ಕೆ ಈಗ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಕರು ಕಳೆದ ಹಸು ಅಪಶಕುನವಂತೆ. ಬೇರೆ ಯಾರಿಗೆ ಅಲ್ಲದಿದ್ದರೂ ಅವನಿಗೆ ಸತ್ಯ ತಿಳಿಯಬೇಕು ಎನಿಸಿತು. ಮಧ್ಯಾಹ್ನದ ಹೊತ್ತು ಅವನು ಹಸುವಿನ ಮೈ ತಿಕ್ಕುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ, ನನಗೆ ಅರ್ಥವಾಗದ್ದನ್ನೂ ಸೇರಿಸಿ. ಕಳ್ಳರಲ್ಲ, ಚಿರತೆಯೇ. ಅವತ್ತು ಬೋನಿನಲ್ಲಿ ಸತ್ತದ್ದೇ. ಹೇಗೆಂದು ಕೇಳಬೇಡ, ನನಗೆ ಗೊತ್ತಿಲ್ಲ.

ಅವನು ನಗುತ್ತಾನೆ ಎಂದುಕೊಂಡಿದ್ದೆ, ಅಥವಾ ಕೈ ಮುಗಿಯುತ್ತಾನೆ ಎಂದು. ಎರಡೂ ಮಾಡಲಿಲ್ಲ. ತಿಕ್ಕುವುದನ್ನು ನಿಲ್ಲಿಸಿದ.

"ನಾನು ಸುಳ್ಳು ಯೋಳಿದ್ದು ದಿಟ ಕಣಮ್ಮ," ಎಂದ. "ಅದಕ್ಕೆ ಕ್ವಾಪ ಇರ್ಲಿ, ಬ್ಯಾಡ ಅನ್ನಕಿಲ್ಲ. ಆದ್ರೆ ಯೋಳ್ಸಿದ್ದು ಯಾರು? ಅವರ ಮನೆ ಬಾಗ್ಲಗಂಟ ಬಂದೈತೆ. ಶಾಮಿಯಾನದಾಗೆ ಅವ್ರು ಮಲಗವ್ರೆ. ಅವರನ್ನ ಬುಟ್ಟು, ಕಟ್ಟಾಕಿದ್ದ ನನ್ನ ಕರೂನೇ ಯಾಕಮ್ಮ ತಗಂಡೋಯ್ತು? ಸತ್ತು ಬಂದಿದ್ಕೂ ಬಡವ್ರೇ ಬೇಕಾ?"

ಹೇಗೆ ಬಂತು ಎಂಬುದಕ್ಕೆ ಹತ್ತು ಜನ ಹತ್ತು ಉತ್ತರ ಕೊಟ್ಟಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅಷ್ಟು ದಿನ ನನ್ನ ಸಿಟ್ಟೆಲ್ಲ ಚಿರತೆಯ ಪರವಾಗಿತ್ತು. ಆ ಮಧ್ಯಾಹ್ನ ಮೊದಲ ಸಲ ಚಿರತೆಯ ಮೇಲೂ ಬಂತು. ಕಲ್ಲು ಹೊಡೆದವರನ್ನು ನೀನು ಬಿಟ್ಟೆ, ಟೀವಿಗಾಗಿ ಕಾಯಿಸಿದವರನ್ನು ಬಿಟ್ಟೆ, ಸುಟ್ಟ ಬೂದಿಯಿಂದ ಎದ್ದು ಇಷ್ಟು ದೂರ ಬಂದು ನೀನು ಮಾಡಿದ್ದೂ ಇದೇನಾ? ಹೀಗೆ ಕೇಳಬೇಕೆಂದು ಮನಸ್ಸು ಕುದಿಯಿತು. ಯಾರನ್ನು ಕೇಳಲಿ? ಮುನಿಯಪ್ಪ ಮತ್ತೆ ಹಸುವಿನ ಮೈ ತಿಕ್ಕತೊಡಗಿದ. ನಾನು ಎದ್ದು ಬಂದೆ.